ಗೋಗಿ ಕಡೆ ಹೋಗುವವರು ಓದಿಕೊಂಡು ಬರ್ರಿ: ಕಾಫಿನೈಟ್

ನಮಸ್ಕಾರ್ರಿ ಎಲ್ಲರಿಗೂ. ನಿನ್ನೆ ಗುಂಪಿನಲ್ಲಿ ಹಳದಿ ಕಲೆಯ ಕಲ್ಲಿನ ಫೋಟೊ ಹಾಕಿ "ಇದು ಕಾಫಿನೈಟ್ ಏನ್ರಿ ಸರ್?" ಅಂತ ಕೇಳಿದ್ರಿ. ಅಲ್ಲ. ಕಾಫಿನೈಟ್ ಕಪ್ಪು. ಜಿರ್ಕಾನ್ ಅನ್ನೋ ಖನಿಜದಂಥದೇ ಹರಳು ರಚನೆಯ ಯುರೇನಿಯಂ ಸಿಲಿಕೇಟ್ (ಯುರೇನಿಯಂ, ಸಿಲಿಕಾನ್, ಆಮ್ಲಜನಕ ಸೇರಿದ ಖನಿಜ) ಅದು. ಕಣಗಳು ಬಹಳ ಸಣ್ಣವು, ಲೆನ್ಸ್ ಹಿಡಿದರೂ ಪಿಚ್‌ಬ್ಲೆಂಡ್‌ನಿಂದ (ಯುರೇನಿಯಂ ಆಕ್ಸೈಡಿನ ಕಪ್ಪು ಅದಿರು) ಬೇರೆ ಮಾಡಿ ಹೇಳೋದು ಕಷ್ಟ. ಎಕ್ಸ್-ರೇ ಪರೀಕ್ಷೆಯೇ ಬೇಕು.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿ ಅದಿರಿನಲ್ಲಿ ಇವೆರಡೂ ಇವೆ. ಅಲ್ಲಿ ಭೀಮಾ ಬೇಸಿನ್‌ನ (ಹಿಂದೆ ಕೆಸರು ಪದರಪದರಾಗಿ ಕೂತು ಕಲ್ಲಾದ ತಗ್ಗು) ಸುಣ್ಣಕಲ್ಲು, ಅದರ ಬುಡದ ಗ್ರಾನೈಟ್ ಎರಡೂ ಸ್ತರಭಂಗದ (ಕಲ್ಲಿನ ಪದರು ಬಿರಿದು ಸರಿದ ಜಾಗ) ಗುಂಟ ಒಡೆದು ಚೂರಾಗಿವೆ. ಆ ಬಿರುಕುಗಳ ಗುಂಟ ಹರಿಯುವ, ಆಮ್ಲಜನಕ ಇರುವ ನೀರಿನಲ್ಲಿ ಯುರೇನಿಯಂ ಕರಗಿ ಸಾಗುತ್ತದೆ. ಪೈರೈಟ್ (ಕಬ್ಬಿಣ-ಗಂಧಕದ ಖನಿಜ), ಸಾವಯವ ಪದಾರ್ಥ ಎದುರಾದಲ್ಲಿ ಅಪಕರ್ಷಣೆಗೊಂಡು (ಎಲೆಕ್ಟ್ರಾನ್ ಪಡೆದು, ನೀರಿನಲ್ಲಿ ಕರಗದ ರೂಪಕ್ಕೆ ಬಂದು) ಕೂರುತ್ತದೆ. ನೀರಿನಲ್ಲಿ ಸಿಲಿಕಾ ಸಾಕಷ್ಟಿದ್ದರೆ ಕಾಫಿನೈಟ್ ಹುಟ್ಟುತ್ತದೆ. ಈ ಸರಣಿ ತಿಳಿದವರಿಗೆ ಬಿರುಕಿನ ಪಕ್ಕದಲ್ಲೇ ಪೈರೈಟ್ ಯಾಕೆ ಹುಡುಕಬೇಕು ಅನ್ನೋದು ತಾನೇ ಹೊಳೆಯುತ್ತದೆ.

ಇದೇ ಖನಿಜ ಗಾಳಿ-ನೀರಿಗೆ ಸಿಕ್ಕರೆ ಹಳದಿ ಸೂಜಿ ಹರಳಿನ ಯುರೇನೋಫೇನ್ ಆಗಬಹುದು. ಆದರೆ ಕಬ್ಬಿಣದ ಲಿಮೊನೈಟ್ ಕೂಡ ಹಳದಿಯೇ. ಫೋಟೊ ನೋಡಿ ಹೆಸರು ಹಚ್ಚಬ್ಯಾಡ್ರಿ.

ಅನುಮಾನದ ಕಲ್ಲು ಕುಟ್ಟಬೇಡಿ, ಧೂಳು ಮೂಗಿಗೆ ಹೋಗಬಾರದು. ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಒಯ್ಯಬೇಡಿ. ಊಟಕ್ಕೆ ಮೊದಲು ಸಾಬೂನು ಹಚ್ಚಿ ಕೈ ತೊಳೀರಿ.