ಜನಾಂಗಹತ್ಯೆಗೆ ನಮ್ಮಲ್ಲಿ ಕಾನೂನೇ ಇಲ್ಲ: ಮೈಸೂರು-ಕೊಡಗು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮ್ಮ ಜಿಲ್ಲೆಯ ವೇದಿಕೆಗಳಲ್ಲಿ ಜನಾಂಗಹತ್ಯೆಯ ಮಾತು ಎದ್ದಾಗಲೆಲ್ಲ ಅದು ಲೆಕ್ಕದ ಜಗಳವಾಗುತ್ತದೆ. ಟಿಪ್ಪುವಿನ ಸೈನ್ಯಕ್ಕೆ 1785ರಲ್ಲಿ ಬಲಿಯಾದ ಕೊಡವರನ್ನು ಸ್ಮರಿಸುವ ಸ್ಥಳವಾದ ದೇವಟ್ ಪರಂಬಿನ ವಿಷಯದಲ್ಲೂ ಹಾಗೇ. ಒಬ್ಬರು ಹೇಳಿದ ಅಂಕಿಯನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ, ಅಂಕಿ ಬಿದ್ದರೆ ಅಪರಾಧವೇ ಬಿದ್ದುಹೋಯಿತು ಎಂಬಂತೆ. ಸತ್ತವರಿಗೆ ಇದು ಅನ್ಯಾಯ.

ಕಾನೂನು ಕೇಳುವ ಪ್ರಶ್ನೆ ಬೇರೆ. ಪೋಲೆಂಡಿನ ವಕೀಲ ರಫೇಲ್ ಲೆಮ್ಕಿನ್ ಹಟ ಹಿಡಿದು ದುಡಿದ ಫಲವಾಗಿ 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಯ ವ್ಯಾಖ್ಯೆಯಲ್ಲಿ ಸಂಖ್ಯೆಯ ಮಾತೇ ಇಲ್ಲ. ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು, ಅದು ಆ ಗುಂಪು ಎಂಬ ಕಾರಣಕ್ಕೇ, ಪೂರ್ತಿಯಾಗಿಯೋ ಭಾಗಶಃವೋ ನಾಶ ಮಾಡುವ ಉದ್ದೇಶ ಇತ್ತೇ? ಸಾಬೀತಾಗಬೇಕಾದ್ದು ಅದು. ಆ ಉದ್ದೇಶವಿದ್ದರೆ ಕೊಲ್ಲುವುದಷ್ಟೇ ಅಲ್ಲ, ಬದುಕಲಾಗದ ಸ್ಥಿತಿಗೆ ದೂಡುವುದು, ಮಕ್ಕಳು ಹುಟ್ಟದಂತೆ ತಡೆಯುವುದು, ಹುಟ್ಟಿದವರನ್ನು ಬಲವಂತವಾಗಿ ಬೇರೆ ಗುಂಪಿಗೆ ಸೇರಿಸುವುದೂ ಜನಾಂಗಹತ್ಯೆಯೇ. ದೇವಟ್ ಪರಂಬಿನ ಬಗ್ಗೆಯೂ ನಾವು ಹುಡುಕಬೇಕಾದ್ದು ಆ ಕಾಲದ ಪತ್ರ, ಆಜ್ಞೆಗಳನ್ನು.

1995ರಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ ಸುಮಾರು 8,000 ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದದ್ದನ್ನು ಅಂತರರಾಷ್ಟ್ರೀಯ ನ್ಯಾಯಾಲಯ ಜನಾಂಗಹತ್ಯೆ ಎಂದಿತು. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಳ್ವಿಕೆಗೆ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಆದರೂ ಅಲ್ಲಿನ ವಿಶೇಷ ನ್ಯಾಯಾಲಯದ 2018ರ ತೀರ್ಪಿನಲ್ಲಿ ಈ ಅಪರಾಧ ಸಾಬೀತಾದದ್ದು ವಿಯೆಟ್ನಾಮಿ ಮತ್ತು ಚಾಮ್ ಅಲ್ಪಸಂಖ್ಯಾತರ ವಿಷಯದಲ್ಲಿ ಮಾತ್ರ. ರಾಜಕೀಯ ವಿರೋಧಿಗಳೆಂದು, ವರ್ಗಶತ್ರುಗಳೆಂದು ಹತರಾದವರಿಗೆ ಆ ವ್ಯಾಖ್ಯೆಯಲ್ಲಿ ಜಾಗವಿಲ್ಲ. ಅದರ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ.

ಭಾರತ ಈ ಒಡಂಬಡಿಕೆಯನ್ನು 1959ರಲ್ಲೇ ಅನುಮೋದಿಸಿದೆ. ಅದನ್ನು ಜಾರಿಗೆ ತರುವ ಕಾನೂನು ಮಾಡಿಕೊಳ್ಳಬೇಕೆಂದು ಒಡಂಬಡಿಕೆಯ ಐದನೇ ವಿಧಿ ಹೇಳುತ್ತದೆ. ನಾವು ಮಾಡಿಲ್ಲ. 1984ರ ಸಿಖ್ಖರ ಹತ್ಯೆಯ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2018ರಲ್ಲಿ ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕೆಂದಿತು. 2024ರ ಜುಲೈನಲ್ಲಿ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲೂ ಈ ಅಪರಾಧವಿಲ್ಲ.

ಲೋಕಸಭೆಯಲ್ಲಿ ನೀವೊಂದು ಖಾಸಗಿ ಸದಸ್ಯರ ಮಸೂದೆ ಮಂಡಿಸಿ. ಸಂವಿಧಾನದ 20ನೇ ವಿಧಿಯಂತೆ ಹೊಸ ಕಾನೂನು ಹಳೆಯ ಕೃತ್ಯಕ್ಕೆ ಶಿಕ್ಷೆ ಕೊಡಲಾರದು, ಹಾಗಾಗಿ 1785ಕ್ಕೆ ಅದರಿಂದ ತೀರ್ಪು ಸಿಗುವುದಿಲ್ಲ. ಆದರೆ ಕೊಡವರಿರಲಿ, ಯರವರಿರಲಿ, ಮಾಪಿಳ್ಳೆಗಳಿರಲಿ, ನಾಳೆ ಯಾರನ್ನೇ ಅಳಿಸಲು ಹೊರಟವರನ್ನು ಆ ಹೆಸರಿನಲ್ಲೇ ಕಟಕಟೆಗೆ ತರಬಹುದು. ಮುಂದಿನ ಅಧಿವೇಶನಕ್ಕೆ ಮುನ್ನ ನಿಮ್ಮ ನಿಲುವನ್ನು ಮಡಿಕೇರಿಗೆ ಬಂದು ಬಹಿರಂಗವಾಗಿ ತಿಳಿಸಬೇಕೆಂದು ವಿನಂತಿ.

ಇತಿ,
ನಿಮ್ಮ ಕ್ಷೇತ್ರದ ಮತದಾರ, ಮಡಿಕೇರಿ