ಹೊಲಿಗೆ ಹಾಕಿ ಮನೆಗೆ ಕಳುಹಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಮೈಗೆ ತಾವೇ ಗಾಯ ಮಾಡಿಕೊಂಡವರು ತುರ್ತು ಚಿಕಿತ್ಸಾ ಘಟಕಕ್ಕೆ ಬಂದಾಗ ಎಷ್ಟೋ ಸಲ ಅವರ ಕಿವಿಗೆ ಮೊದಲು ಬೀಳುವುದು ಬೈಗುಳ. ‘ಅಪ್ಪ ಅಮ್ಮನ ನೆನಪಾಗಲಿಲ್ವಾ?’, ‘ಇದೆಲ್ಲ ನಾಟಕ.’ ಗಾಯಕ್ಕೆ ಪಟ್ಟಿ ಕಟ್ಟಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಬರೆದು ಕಳುಹಿಸಿದರೆ ಕೆಲಸ ಮುಗಿಯಿತು. ಅಲ್ಲಿ ಅವಮಾನಪಟ್ಟವರು ಮುಂದಿನ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಗಾಯ ತುಂಬುತೋಳಿನ ಅಂಗಿಯೊಳಗೆ ಅಡಗುತ್ತದೆ, ಕೀವಾದರೂ ಯಾರಿಗೂ ತಿಳಿಯುವುದಿಲ್ಲ.

ಪೊಲೀಸರ ಭಯವೂ ಇದಕ್ಕೆ ಸೇರಿಕೊಳ್ಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯಾ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮು ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರುವ ಇಲ್ಲವೇ ಅವರ ಕರ್ತವ್ಯಕ್ಕೆ ತಡೆಯೊಡ್ಡುವ ಉದ್ದೇಶದ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ. ಸಾಯುವ ಇರಾದೆಯಿಲ್ಲದೆ ಮಾಡಿಕೊಂಡ ಗಾಯವಂತೂ ಹಳೆಯ ಕಲಮಿನ ವ್ಯಾಪ್ತಿಗೂ ಬರುತ್ತಿರಲಿಲ್ಲ. ಇಷ್ಟು ಗೊತ್ತಿದ್ದರೆ ‘ಬಾತ್‌ರೂಮಲ್ಲಿ ಬಿದ್ದಳು’ ಎಂದು ಮನೆಯವರು ಸುಳ್ಳು ಹೇಳಬೇಕಿಲ್ಲ.

ಘಟಕದಲ್ಲಿ ಆಗಬೇಕಾದದ್ದು ದೊಡ್ಡ ಖರ್ಚಿನದಲ್ಲ. ಅಪಘಾತದ ಗಾಯಕ್ಕೆ ಹೇಗೋ ಹಾಗೆಯೇ ಜಾಗ ಮರಗಟ್ಟಿಸಿ ಹೊಲಿಗೆ ಹಾಕಬೇಕು. ‘ನೋವು ಗೊತ್ತಾಗಲಿ’ ಎಂದು ಇಂಜೆಕ್ಷನ್ ತಪ್ಪಿಸುವುದು ಚಿಕಿತ್ಸೆಯಲ್ಲ, ಶಿಕ್ಷೆ. ಆಮೇಲೆ ಪರದೆಯ ಮರೆಯಲ್ಲಿ, ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಾತಾಡಿಸಬೇಕು. ‘ಸಾಯಬೇಕು ಅನ್ನಿಸಿತ್ತಾ? ಈಗಲೂ ಅನ್ನಿಸ್ತಿದೆಯಾ?’ ಎಂದು ನೇರವಾಗಿಯೇ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಪಾಯವನ್ನು ಅಂಕಗಳಲ್ಲಿ ಅಳೆಯುವ ನಮೂನೆ ತುಂಬಿ ‘ಅಪಾಯ ಕಡಿಮೆ’ ಎಂದು ಬರೆದು ಕಳುಹಿಸುವುದು ಸರಿಯಲ್ಲ. ಮುಂದೇನಾಗುತ್ತದೆ ಎಂದು ಅಂತಹ ಅಂಕಗಳು ನಂಬುವಷ್ಟು ಹೇಳುವುದಿಲ್ಲ. ಬ್ರಿಟನ್ನಿನ 2022ರ ರಾಷ್ಟ್ರೀಯ ಮಾರ್ಗಸೂಚಿ ಅವನ್ನು ಈ ಕೆಲಸಕ್ಕೆ ಬಳಸಲೇಬಾರದು ಎನ್ನುತ್ತದೆ.

ಈ ಗಾಯದ ಹಿಂದೆ ಬಹುಪಾಲು ಇರುವುದು ತಡೆಯಲಾಗದ ಸಂಕಟ. ಗಾಯ ಅದನ್ನು ಕೆಲವು ನಿಮಿಷ ತಗ್ಗಿಸುತ್ತದೆ, ಬೆನ್ನಿಗೇ ನಾಚಿಕೆ ಬರುತ್ತದೆ, ನಾಚಿಕೆ ಮತ್ತೆ ಸಂಕಟವಾಗುತ್ತದೆ. ಬೈಗುಳ ಈ ಸುತ್ತನ್ನು ಇನ್ನಷ್ಟು ಬಿಗಿಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯಲ್ಲಿ ಘಟನೆಯನ್ನು ಸರಪಳಿಯಂತೆ ಬಿಚ್ಚಿ ನೋಡುತ್ತಾರೆ. ಪಿಜಿಯಲ್ಲಿರುವ ಹುಡುಗಿಯೊಬ್ಬಳು ಎಂದುಕೊಳ್ಳಿ: ನೈಟ್ ಶಿಫ್ಟ್, ಮೂರು ದಿನದ ಅರೆನಿದ್ದೆ, ಮಧ್ಯಾಹ್ನ ಊಟವಿಲ್ಲ, ಸಂಜೆ ಊರಿಂದ ಫೋನು, ಒಂದು ಚುಚ್ಚುಮಾತು, ‘ನಾನು ಯಾರಿಗೂ ಬೇಡ’ ಎಂಬ ಯೋಚನೆ, ಚಿಲಕ ಹಾಕಿದ ಕೋಣೆ. ‘ಯಾಕೆ ಮಾಡಿಕೊಂಡೆ?’ ಎಂದು ಕೇಳಿದರೆ ಅವಳಿಗೆ ಉತ್ತರ ಸಿಗದು. ‘ಅವತ್ತು ಬೆಳಿಗ್ಗೆಯಿಂದ ಏನೇನಾಯ್ತು?’ ಎಂದರೆ ಸಿಗುತ್ತದೆ. ಯಾವ ಕೊಂಡಿಯನ್ನು ಸುಲಭವಾಗಿ ಬಿಡಿಸಬಹುದು ಎಂದು ಇಬ್ಬರೂ ಕೂತು ಹುಡುಕಬೇಕು. ಎಷ್ಟೋ ಸಲ ಅದು ನಿದ್ದೆ ಅಥವಾ ಊಟವೇ ಆಗಿರುತ್ತದೆ. ಸಂಕಟ ಉಕ್ಕಿದಾಗ ಮುಖಕ್ಕೆ ತಣ್ಣೀರು ಹಿಡಿಯುವುದು, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಬಿಡುವುದು ಇಂತಹ ಕೌಶಲಗಳನ್ನೂ ಕಲಿಸುತ್ತಾರೆ (ಹೃದ್ರೋಗವಿದ್ದವರು ತಣ್ಣೀರಿನ ಅಭ್ಯಾಸಕ್ಕೆ ಮುಂಚೆ ವೈದ್ಯರನ್ನು ಕೇಳಬೇಕು). ಪೂರ್ಣ ಡಿಬಿಟಿಗೆ ವಾರವಾರ ಭೇಟಿ, ಜೊತೆಗೆ ಗುಂಪು ತರಗತಿ, ಹೀಗೆ ಆರು ತಿಂಗಳಿಂದ ಒಂದು ವರ್ಷ ಬೇಕು. ನಾಲ್ಕು ವಾರಕ್ಕೆ ‘ಏನೂ ಪ್ರಯೋಜನವಿಲ್ಲ’ ಎಂದು ಚಿಕಿತ್ಸೆ ಬಿಡಿಸಿಬಿಡಬೇಡಿ. ನಡುವೆ ಒಮ್ಮೆ ಮತ್ತೆ ಗಾಯವಾದರೂ ಚಿಕಿತ್ಸೆ ಸೋತಿತು ಎಂದಲ್ಲ.

ಮನೆಯವರಲ್ಲಿ ಒಂದು ಮನವಿ: ಅಮ್ಮನ ತಲೆಯ ಮೇಲೆ ಕೈಯಿಡಿಸಿ ‘ಇನ್ನು ಮಾಡಲ್ಲ’ ಎಂದು ಆಣೆ ಮಾಡಿಸಬೇಡಿ. ಆಣೆ ಮುರಿದ ದಿನ ಅವರು ನಿಮಗೆ ಹೇಳುವುದನ್ನೇ ಬಿಡುತ್ತಾರೆ. ದಿನಾ ತೋಳು ತಪಾಸಣೆ ಮಾಡುವುದೂ ಬೇಡ. ಬದಲಿಗೆ ಅವರು ನೆಮ್ಮದಿಯಾಗಿರುವ ಹೊತ್ತಿನಲ್ಲಿ ಒಂದು ಹಾಳೆಯಲ್ಲಿ ಅವರ ಮಾತಿನಲ್ಲೇ ಬರೆಸಿ: ಸಂಕಟ ಏರುವ ಸೂಚನೆಗಳು, ಆಗ ಒಬ್ಬರೇ ಮಾಡಬಹುದಾದದ್ದು, ಹೋಗಿ ಕೂರಬಹುದಾದ ಜಾಗ, ಫೋನ್ ಮಾಡಬಹುದಾದ ಇಬ್ಬರು, ವೈದ್ಯರ ನಂಬರ್. ಅದರ ಫೋಟೊ ಅವರ ಮೊಬೈಲಿನಲ್ಲಿರಲಿ. ಮನೆಯ ಮಾತ್ರೆಗಳಿಗೆ ಬೀಗ ಹಾಕಿ, ಅದನ್ನೂ ಅವರಿಗೆ ಹೇಳಿಯೇ ಹಾಕಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಜೀವಕ್ಕೆ ಅಪಾಯವಿದ್ದರೆ ತಡಮಾಡದೆ 108. ನಗರದ ಎಲ್ಲ ಆಸ್ಪತ್ರೆಗಳೂ ಡಿಸ್ಚಾರ್ಜ್ ಚೀಟಿಯ ಮೇಲೆ 14416 ಅನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ಅದರ ಕೆಳಗೆ, ಏಳು ದಿನದೊಳಗಿನ ಒಂದು ಭೇಟಿಯ ದಿನಾಂಕವನ್ನೂ ಕಾಣಬೇಕಾದವರ ಹೆಸರನ್ನೂ ಕೈಯಲ್ಲೇ ಬರೆದುಕೊಡಲಿ.

– ಆಪ್ತಸಮಾಲೋಚಕರ ಒಂದು ಗುಂಪು, ಬೆಂಗಳೂರು