ಶೋಕಗೀತೆ ಬರೀ ಅಳುವಲ್ಲ

ಮಾನ್ಯ ಸಂಪಾದಕರೇ,

ಶೋಕಗೀತೆ ಬರೆಯುವವರು ಸುಮ್ನೆ ಅಳುತ್ತಾರೆ, ಪ್ರತಿಭಟಿಸುವುದಿಲ್ಲ ಎಂಬ ಮಾತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿದೆ. ಒಪ್ಪಲು ನನ್ನಿಂದ ಆಗುತ್ತಿಲ್ಲ. ಹಾಗೆ ಬರೆದವರು ರಷ್ಯಾದ ಕವಯಿತ್ರಿ ಅನ್ನಾ ಅಖ್ಮತೋವಾ ಅವರ 'ರಿಕ್ವಿಯಂ' ಎಂಬ ಶೋಕಗೀತೆ ಓದಬೇಕು.

ಸ್ಟಾಲಿನ್ ಆಳ್ವಿಕೆಯಲ್ಲಿ, 1938ರಲ್ಲಿ, ಆಕೆಯ ಮಗ ಲೆವ್‌ನನ್ನು ಹಿಡಿದು ಒಳಗೆ ಹಾಕಿದರು. ಆಕೆ ಲೆನಿನ್‌ಗ್ರಾಡ್‌ನ ಜೈಲುಗಳ ಮುಂದೆ, ಕೈದಿಗಳ ಮನೆಯವರ ಸಾಲಿನಲ್ಲಿ 17 ತಿಂಗಳು ನಿಂತರು. ಹಿಂದೆ ನಿಂತಿದ್ದ, ತುಟಿ ನೀಲಿಗಟ್ಟಿದ್ದ ಹೆಂಗಸೊಬ್ಬಳು ಕಿವಿಯಲ್ಲಿ ಕೇಳಿದಳಂತೆ, ಇದನ್ನೆಲ್ಲ ಬರೆಯಲು ನಿಮ್ಮಿಂದ ಆಗುತ್ತಾ ಎಂದು. ಆಗುತ್ತೆ ಎಂದರು ಅಖ್ಮತೋವಾ.

ಬರೆದಿಟ್ಟರೆ ಜೀವಕ್ಕೇ ಅಪಾಯ. ಗೋಡೆಗೂ ಕಿವಿ ಇದ್ದ ಕಾಲ. ಗೆಳತಿ ಲಿಡಿಯಾ ಚುಕೋವ್‌ಸ್ಕಾಯಾ ಬಂದಾಗ ಟೀ ಕುಡಿಯುತ್ತೀರಾ ಎಂದು ಜೋರಾಗಿ ಕೇಳುತ್ತಾ, ಚೀಟಿಯಲ್ಲಿ ಸರಸರ ಸಾಲುಗಳನ್ನು ಗೀಚಿ ಕೊಡುತ್ತಿದ್ದರು. ಲಿಡಿಯಾ ಸದ್ದಿಲ್ಲದೆ ಓದಿ, ಬಾಯಿಪಾಠ ಮಾಡಿಕೊಂಡು ವಾಪಸ್ ಕೊಡುತ್ತಿದ್ದರು. ಆಮೇಲೆ ಹವಾಮಾನದ ಮಾತಾಡುತ್ತಾ ಕಡ್ಡಿ ಗೀರಿ, ಆಶ್‌ಟ್ರೇ ಮೇಲೆ ಚೀಟಿ ಸುಡುವುದು. ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುತ್ತಲೇ ನೌಕರಿ ಮುಗಿಸಿದವಳು ನಾನು. ಇಂಥ ಬಾಯಿಪಾಠ ನೆನೆದರೆ ಮೈ ಜುಮ್ಮೆನ್ನುತ್ತದೆ.

ಅಳುವುದಕ್ಕೆ ಇಷ್ಟೊಂದು ಭಯ ಯಾಕೆ? ಲಿಡಿಯಾ ಅವರ ಗಂಡ, ಭೌತವಿಜ್ಞಾನಿ ಮತ್ವೇಯ್ ಬ್ರಾನ್‌ಸ್ಟೀನ್ ಅವರನ್ನು 1938ರ ಫೆಬ್ರುವರಿಯಲ್ಲಿ ಗುಂಡಿಟ್ಟು ಕೊಂದಿದ್ದರು. ಮನೆಯವರಿಗೆ ಹೇಳಿದ್ದು ಮಾತ್ರ 10 ವರ್ಷ ಶಿಕ್ಷೆ, ಪತ್ರ ಬರೆಯುವಂತಿಲ್ಲ ಎಂದು. ಕೊಂದರೂ ಕೊಂದೆವು ಎಂದು ಹೇಳದ ಸರ್ಕಾರ ಅದು. ಅಂಥ ಕಡೆ ಸತ್ತವರಿಗಾಗಿ ಅತ್ತರೆ ಸರ್ಕಾರದ ಸುಳ್ಳು ಬಯಲಾಗುತ್ತದೆ, ಅಲ್ವಾ? ಲೆವ್ ಬದುಕಿ ಬಂದರು. ಪದ್ಯ ಇರುವುದು ಅವರೊಬ್ಬರಿಗಾಗಿ ಅಲ್ಲ, ಸಾಲಿನಲ್ಲಿ ನಿಂತ ಎಲ್ಲರಿಗಾಗಿ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕೆಂದಿದ್ದೆ, ಪಟ್ಟಿಯನ್ನೇ ಕಿತ್ತುಕೊಂಡರು ಎಂದು ಆಕೆ ಕೊನೆಯ ಭಾಗದಲ್ಲಿ ಹೇಳುತ್ತಾರೆ. ಇದಕ್ಕಿಂತ ನೇರವಾದ ಆರೋಪ ಯಾವ ಘೋಷಣೆಯಲ್ಲಿದೆ?

ಅದೇ ಕಾಲದ ರಷ್ಯನ್ ಕವಿ ಓಸಿಪ್ ಮಂಡೆಲ್‌ಸ್ಟಾಮ್ 1933ರಲ್ಲಿ ಸ್ಟಾಲಿನ್‌ನನ್ನೇ ಚುಚ್ಚಿ ಪದ್ಯ ಕಟ್ಟಿದರು, 1938ರಲ್ಲಿ ಕೈದಿಯಾಗಿ ಸತ್ತರು. ಆ ಧೈರ್ಯ ದೊಡ್ಡದು. ಅಖ್ಮತೋವಾ ಅವರದು ಅದಕ್ಕಿಂತ ಕಡಿಮೆ ಎನ್ನಲಾರೆ. 'ರಿಕ್ವಿಯಂ' 1963ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಅಚ್ಚಾಯಿತು. ಸೋವಿಯತ್ ನೆಲದಲ್ಲಿ ಪೂರ್ತಿ ಅಚ್ಚಾಗಿದ್ದು 1987ರಲ್ಲಿ. ಅಷ್ಟರಲ್ಲಿ ಆಕೆ ತೀರಿಹೋಗಿ 21 ವರ್ಷ. ಬರೀ ಅಳುವಾಗಿದ್ದರೆ ಅದನ್ನು ಅಷ್ಟು ಕಾಲ ತಡೆಹಿಡಿಯುತ್ತಿರಲಿಲ್ಲ.

ಪುರವಣಿಯಲ್ಲಿ ಈ ಪದ್ಯದ ಒಂದು ಭಾಗವನ್ನಾದರೂ ಕನ್ನಡದಲ್ಲಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಕನ್ನಡ ಶಿಕ್ಷಕಿ